ಹುಟ್ಟದ ವಿದ್ವಾಂಸರ ಆರಾಧನೆ

ಹಲಸೂರು

ನಾನು ಫ್ರಾನ್ಸಿಗೆ ಹೋದದ್ದು ಒಬ್ಬ ವಿದ್ವಾಂಸರ ಆರಾಧನೆಗೆ. ಹೋದ ಮೇಲೆ ತಿಳಿಯಿತು, ಆ ವಿದ್ವಾಂಸರು ಸತ್ತೇ ಇರಲಿಲ್ಲ. ಸಾಯಬೇಕಾದರೆ ಮೊದಲು ಹುಟ್ಟಿರಬೇಕಲ್ಲ.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಹಲಸೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವೀಣೆ ಪಾಠ ಹೇಳುತ್ತಿರುವವಳು ನಾನು. ಇಂದಿರಾನಗರದಲ್ಲಿ ಮನೆ ಮಾಡಿಕೊಂಡಿದ್ದ ಫ್ರೆಂಚ್ ಹೆಂಗಸೊಬ್ಬಳು ಒಂದು ಚಳಿಗಾಲ ನನ್ನ ಹತ್ತಿರ ಬಂದು, ಜಂಟಿವರಸೆಯವರೆಗೆ ಕಲಿತು, ಗಂಡನ ಕೆಲಸ ಮುಗಿಯಿತೆಂದು ಹೊರಟುಹೋದಳು. ವರ್ಷ ಕಳೆದ ಮೇಲೆ ಅವಳ ತವರೂರಿನ ಸಮಿತಿಯೊಂದರಿಂದ ನನಗೆ ಕಾಗದ ಬಂತು. ನಾಲ್ವರು ಫ್ರೆಂಚ್ ಸಂಗೀತಗಾರರು ಮತ್ತು ಅವರಿಗೆ ಇಂಡಿಯಾದಲ್ಲಿ ಸಿಕ್ಕ ಒಬ್ಬ ವೃದ್ಧ ವೈಣಿಕರು, ಈ ಐವರ ನೆನಪಿಗೆ ತಮ್ಮ ಊರಿನಲ್ಲಿ ಪ್ರತಿವರ್ಷ ಉತ್ಸವ ನಡೆಯುತ್ತದೆ, ನೂರು ವರ್ಷವಾದರೂ ಜನ ಮರೆತಿಲ್ಲ, ಈ ಸಲ ನಿಜವಾದ ವೀಣೆಯನ್ನು ಕೇಳಬೇಕೆಂದು ಆಸೆ, ಹೋಗಿಬರುವ ಟಿಕೆಟ್ಟು ನಮ್ಮದು ಎಂದಿತ್ತು.

ನೂರು ವರ್ಷದಿಂದ ಒಬ್ಬ ವೈಣಿಕರನ್ನು ವರ್ಷವರ್ಷವೂ ನೆನೆಯುತ್ತಾರೆಂದರೆ ನಮ್ಮಂಥವರಿಗೆ ಹೊಳೆಯುವುದು ಒಂದೇ. ಆರಾಧನೆ. ನಮ್ಮ ಮನೆಯವರು ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು. ಒಂದು ಬೋಲ್ಟು ಬಂದರೂ ಅದರ ನಂಬರು ಕೇಳುವವರು. ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದು, "ಅಲ್ವೇ, ತೀರ್ಕೊಂಡೋರ ಹೆಸರೇ ಬರೆದಿಲ್ವಲ್ಲೇ ಇದ್ರಲ್ಲಿ?" ಅಂದರು.

"ಪಾಪ, ಅವ್ರಿಗೆ ನಮ್ಮ ಹೆಸರುಗಳು ಬಾಯಿಗೆ ಬರಲ್ಲ ಕಣ್ರೀ. ಮರೆತಿರ್ಬೇಕು," ಅಂದೆ.

ನನ್ನ ಮನಸ್ಸಿನಲ್ಲಿ ಅಷ್ಟು ಹೊತ್ತಿಗಾಗಲೇ ಒಂದು ಮುಖ ಬಂದು ಕೂತಿತ್ತು. ಮೈಸೂರು ಕಡೆಯ ಯಾರೋ ಪುಣ್ಯಾತ್ಮರು, ದೊರೆಗಳ ಜೊತೆ ಹಡಗು ಹತ್ತಿ ಹೋಗಿ, ಆ ಚಳಿಯಲ್ಲಿ ಬಾಯಿಗೆ ಗಂಗೋದಕ ಹಾಕುವವರಿಲ್ಲದೆ ಹೋಗಿಬಿಟ್ಟಿದ್ದಾರೆ. ಹೀಗೆ ಯೋಚಿಸಿ ಒಂದು ಸಂಜೆ ಕಣ್ಣೀರನ್ನೂ ಹಾಕಿದೆ. ಆಮೇಲೆ ಗಂಧದ ಪುಡಿ, ಅಕ್ಷತೆ, ಊದುಬತ್ತಿ ಮತ್ತು ಜುಟ್ಟು ಬಿಟ್ಟ ಒಂದು ಒಳ್ಳೆಯ ತೆಂಗಿನಕಾಯಿಯನ್ನು ಚಟ್ನಿಪುಡಿಯ ಡಬ್ಬದ ಪಕ್ಕದಲ್ಲಿ ಕಟ್ಟಿಟ್ಟೆ. ಪಾಠದ ಮಕ್ಕಳ ತಾಯಂದಿರಿಗೆ ಹೇಳಿದೆ. ಅವರು ಇಡೀ ಬೀದಿಗೆ ಹೇಳಿದರು. ನಮ್ಮ ಸಂಗೀತ ಸಭೆಯ ಕಾರ್ಯದರ್ಶಿಗಳು, ಅಲ್ಲಿ ತೆಗೆದ ಫೋಟೋ ತನ್ನಿ, ಬೋರ್ಡಿಗೆ ಅಂಟಿಸೋಣ ಎಂದರು. ಆ ಫೋಟೋದ ಮಾತು ಆಮೇಲೆ ನನ್ನನ್ನು ಎಷ್ಟು ಕಾಡಲಿದೆಯೋ ಆಗ ಗೊತ್ತಿರಲಿಲ್ಲ.

ವೀಣೆ ನನ್ನದಲ್ಲ, ನಮ್ಮ ಗುರುಗಳದು. ಅವರು ಹೋಗುವ ಮೊದಲು ನನಗೆ ಕೊಟ್ಟರು. ಅವರು ಅದನ್ನು ಒಂದು ದಿನವೂ ಬರಿನೆಲಕ್ಕೆ ಇಳಿಸಿದವರಲ್ಲ. ಮೊದಲು ಚಾಪೆ, ಆಮೇಲೆ ವೀಣೆ, ಕೊನೆಗೆ ನಾವು. ಅದನ್ನು ಎರಡು ಹಳೆಯ ದುಪ್ಪಟಿ, ಮೂರು ಸೀರೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಮುಂಬಯಿಯ ಮೇಲೆ ಹಾದು ಪ್ಯಾರಿಸ್ಸಿನಲ್ಲಿ ಇಳಿದೆ.

ರೈಲು

ಪ್ಯಾರಿಸ್ಸಿನ ವರ್ಣನೆ ಬೇರೆಯವರು ಸಾಕಷ್ಟು ಮಾಡಿದ್ದಾರೆ. ನಾನು ನೋಡಿದ್ದು ಅದರ ರೈಲು ನಿಲ್ದಾಣ ಒಂದನ್ನೇ. ಅಲ್ಲಿಂದ ನಾಲ್ಕು ಗಂಟೆಯ ಪ್ರಯಾಣ.

ನನ್ನ ಎದುರು ಒಬ್ಬ ಹೆಂಗಸು, ಅವಳ ಕಾಲ ಬಳಿ ಒಂದು ನಾಯಿ. ಟಿಕೆಟ್ಟು ನೋಡುವವನು ಬಂದಾಗ ಅವಳು ಎರಡು ಟಿಕೆಟ್ಟು ತೋರಿಸಿದಳು. ಎರಡನೆಯದು ನಾಯಿಯದು. ಅವನು ಅದನ್ನು ಗಂಭೀರವಾಗಿ ಓದಿ ವಾಪಸು ಕೊಟ್ಟ. ನನ್ನ ಪೆಟ್ಟಿಗೆಯನ್ನು ಮಾತ್ರ ಸಾಮಾನು ಎಂದು ಬಾಗಿಲ ಬಳಿಗೆ ತಳ್ಳಿಸಿದ. ಸರಸ್ವತಿ ಬಾಗಿಲಲ್ಲಿ, ನಾಯಿ ಸೀಟಿನ ಬಳಿ.

ನಾಲ್ಕು ಗಂಟೆಯಲ್ಲಿ ಆ ಡಬ್ಬಿಯಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಮ್ಮಲ್ಲಿ ಕೆ.ಆರ್. ಪುರದಲ್ಲಿ ಬಂಗಾರಪೇಟೆ ರೈಲು ಹತ್ತಿದರೆ ವೈಟ್‌ಫೀಲ್ಡ್ ಬರುವುದರೊಳಗೆ ಎದುರಿನವರ ಮಗಳಿಗೆ ಗಂಡು ಗೊತ್ತಾಗಿದೆಯೋ ಇಲ್ಲವೋ ತಿಳಿದಿರುತ್ತದೆ. ಇಲ್ಲಿ ಕೆಮ್ಮಿದರೂ ಕ್ಷಮೆ ಕೇಳುತ್ತಾರೆ. ನಡುವೆ ಹತ್ತಿದ ಒಬ್ಬ ದೊಡ್ಡ ಮನುಷ್ಯ ಒಂದು ಮೊಳದುದ್ದದ ಬ್ರೆಡ್ಡನ್ನು ಕಾಗದವನ್ನೂ ಸುತ್ತದೆ ಕಂಕುಳಲ್ಲಿ ಹಿಡಿದು ಕೂತಿದ್ದ. ಮಡಿಯ ಮಾತು ಬಿಡಿ, ಅವನು ಕೋಟನ್ನು ಎಂದು ಒಗೆದಿದ್ದನೋ. ಇವರಿಗೆ ನಾವು ಕೈಯಲ್ಲಿ ಊಟ ಮಾಡುವುದು ಗಲೀಜಂತೆ.

ಚೌಕ

ನಿಲ್ದಾಣಕ್ಕೆ ಇಬ್ಬರು ಬಂದಿದ್ದರು. ಒಬ್ಬರು ಸಮಿತಿಯ ಅಧ್ಯಕ್ಷ ಬೋಡೆಲ್. ಔಷಧದ ಅಂಗಡಿ ಇಟ್ಟಿದ್ದು ಈಗ ಮಗನಿಗೆ ಬಿಟ್ಟುಕೊಟ್ಟವರು. ಬಿಳಿ ಗಡ್ಡ, ಇಸ್ತ್ರಿಯ ಗೆರೆ ಮಾಸದ ಪ್ಯಾಂಟು, ಬಹಳ ಮರ್ಯಾದೆ. ಇನ್ನೊಬ್ಬಳು ದುಭಾಷಿ ಸ್ಟೆಲ್ಲಾ. ಅವಳು ಬಾಯಿ ತೆಗೆದಾಗ ನನಗೆ ಜೀವ ಬಂದಂತಾಯಿತು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದು, ನರ್ಸಾಗಿ ಹೊರಗೆ ಹೋಗಿ, ಅಲ್ಲಿಯವನನ್ನೇ ಮದುವೆಯಾಗಿ ಹದಿನೆಂಟು ವರ್ಷ. ತಮಿಳು ಮನೆಮಾತು, ಕನ್ನಡ ಬೀದಿಮಾತು, ಎರಡೂ ಒಂದೇ ಉಸಿರಿನಲ್ಲಿ.

"ಬನ್ನಿ ಅಕ್ಕಾ, ಏನ್ ಪೆಟ್ಟಿಗೆ ಇದು, ಒಳಗಡೆ ಮಾವನ್ನ ಹಾಕ್ಕೊಂಡ್ ಬಂದಿದೀರಾ?" ಅಂದಳು.

ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ರೇಷ್ಮೆ ಸೀರೆ ಉಟ್ಟು, ಮೊದಲು ಅವರ ಸಮಾಧಿಗೆ ಹೋಗಬೇಕು ಎಂದೆ. ಸ್ಟೆಲ್ಲಾ ಯಾವ ಸಮಾಧಿ ಎಂದು ಒಂದು ಕ್ಷಣ ನೋಡಿ, ಏನೋ ಊಹಿಸಿ ಬೋಡೆಲ್‌ಗೆ ಹೇಳಿದಳು. ಅವರ ಮುಖ ಅರಳಿತು. ನನ್ನನ್ನು ಊರ ಚೌಕಕ್ಕೆ ಕರೆದೊಯ್ದರು.

ಅಲ್ಲಿ ಕಂಚಿನ ನಾಲ್ಕು ಗಂಡಸರು ಮುರಿದ ದೋಣಿಯೊಂದರ ಮೇಲೆ ನಿಂತು ಪಿಟೀಲು ವಗೈರೆ ನುಡಿಸುತ್ತಿದ್ದರು. ಅವರ ಕಾಲ ಬುಡದಲ್ಲಿ ಐದನೆಯವನೊಬ್ಬ, ಮುಂಡಾಸು ಕಟ್ಟಿ, ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ಬೆನ್ನು ಮುರಿದ ಸೌಟಿನಂಥದ್ದು ಒಂದು ಬಿದ್ದಿತ್ತು. ಅದನ್ನು ನಾನು ಆಗ ಸರಿಯಾಗಿ ನೋಡಲಿಲ್ಲ. ಹಿರಿಯರ ಸನ್ನಿಧಿ ಎಂದು ಚಪ್ಪಲಿ ಬಿಟ್ಟೆ. ನವೆಂಬರಿನ ಕಲ್ಲು, ಮಂಜುಗಡ್ಡೆಯ ಹಾಗಿತ್ತು. ಮೂರು ಪ್ರದಕ್ಷಿಣೆ ಹಾಕಿ, ಊದುಬತ್ತಿ ಹಚ್ಚಿ, ಕಾಯಿ ಕೈಗೆತ್ತಿಕೊಂಡು, ಅವರು ತೀರಿಕೊಂಡ ತಿಥಿ ಯಾವುದೆಂದು ಕೇಳು ಎಂದೆ, ಸಂಕಲ್ಪ ಹೇಳಬೇಕಲ್ಲ.

ಸ್ಟೆಲ್ಲಾ ನನ್ನ ಕೈಯಲ್ಲಿದ್ದ ಕಾಯಿಯನ್ನೂ ನನ್ನ ಬರಿಗಾಲನ್ನೂ ನೋಡಿದಳು.

"ಅಕ್ಕಾ, ಮೊದ್ಲು ಚಪ್ಲಿ ಹಾಕ್ಕೊಳ್ಳಿ," ಅಂದಳು. "ಆ ಮನುಷ್ಯ ಇಲ್ಲ ಅಕ್ಕಾ. ಈ ನಾಲ್ಕು ಜನಾನೂ ಇಲ್ಲ. ಇವ್ರೆಲ್ಲ ಒಂದು ಕಥೆ ಪುಸ್ತಕದಲ್ಲಿ ಬರೋರು."

ನಾನು ಕಾಯಿಯನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಬೋಡೆಲ್ ಬಹಳ ಭಾವುಕರಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ನೂರು ವರ್ಷದಲ್ಲಿ ಆ ವಿಗ್ರಹಕ್ಕೆ ಪ್ರದಕ್ಷಿಣೆ ಹಾಕಿದವಳು ನಾನೇ ಮೊದಲಂತೆ. ಪಾರಿವಾಳಗಳನ್ನು ಬಿಟ್ಟರೆ.

ಸ್ಟೆಲ್ಲಾಳ ಅಡುಗೆಮನೆ

ಆ ಊರಿನಲ್ಲಿ ನೂರು ವರ್ಷದ ಹಿಂದೆ ಒಬ್ಬ ಲೇಖಕನಿದ್ದನಂತೆ. ಅವನು ನಿಜವಾಗಿಯೂ ಇದ್ದ. ಸಾಹಸದ ಕಥೆ ಬರೆಯುತ್ತಿದ್ದ. ಊರಿನ ನದಿಯನ್ನು ದಾಟಿ ಆಚೆ ಹೋದವನಲ್ಲ, ಮ್ಯಾಪು ಮುಂದಿಟ್ಟುಕೊಂಡು ಲೋಕವನ್ನೆಲ್ಲ ತಿರುಗಿಸಿದ. ಆ ಕಾಲದಲ್ಲಿ ಇಂಥ ಪುಸ್ತಕಗಳಿಗೆ ಸಂಗೀತಗಾರರೆಂದರೆ ಬಹಳ ಅನುಕೂಲವಂತೆ. ಕಾಡಿಗೋ ದ್ವೀಪಕ್ಕೋ ಎಸೆದರೆ ಸಾಕು, ಅಲ್ಲಿ ನುಡಿಸುತ್ತಾರೆ, ಕಾಡುಜನ ಬಾಯಿ ಬಿಟ್ಟು ನೋಡುತ್ತಾರೆ, ಅಧ್ಯಾಯ ಮುಗಿಯುತ್ತದೆ. ಇವನ ಇನ್ನೊಂದು ಕಥೆಯಲ್ಲಿ ಕೊಳಲಿನವನೊಬ್ಬ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೋಗುತ್ತಾನಂತೆ. ಆ ಚಳಿಯಲ್ಲಿ ತುಟಿ ಕೊಳಲಿಗೆ ಅಂಟಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ಅದು ಪುಸ್ತಕದಲ್ಲಿಲ್ಲ ಎಂದಳು ಸ್ಟೆಲ್ಲಾ.

ಎರಡು ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕೂತು, ನಾನು ಅವರೆಕಾಳಿಲ್ಲದ ಉಪ್ಪಿಟ್ಟು ಕೆದಕುತ್ತ, ಅವಳು ನಮ್ಮ ನಾಲ್ವರ ಕಥೆಯನ್ನು ಓದಿ ಕನ್ನಡದಲ್ಲಿ ಹೇಳುತ್ತ ಮುಗಿಸಿದೆವು. ಹಡಗು ಒಡೆಯುತ್ತದೆ. ನಾಲ್ವರೂ ಮೂರು ದಿನ ಮೂರು ರಾತ್ರಿ ಸಮುದ್ರದಲ್ಲಿ ತೇಲಿ ಮಲಬಾರಿನ ದಡ ಸೇರುತ್ತಾರೆ. ಸೇರಿದವರೇ ಪಿಟೀಲು ತೆಗೆದು ನುಡಿಸುತ್ತಾರೆ.

"ನಿಲ್ಸು," ಅಂದೆ. "ಉಪ್ಪು ನೀರಲ್ಲಿ ಮೂರು ದಿನ ನೆಂದ ಪಿಟೀಲು. ಅಂಟು ಬಿಟ್ಟಿರಲ್ವೇನೆ?"

"ಇಲ್ಲ ಅಕ್ಕಾ. ಶ್ರುತೀಲೇ ಇತ್ತಂತೆ."

ಹಲಸೂರಿನ ಮೇಲೆ ಒಂದು ಮೋಡ ಕವಿದರೆ ನನ್ನ ವೀಣೆ ಶ್ರುತಿ ಬಿಡುತ್ತದೆ. ಇವರು ಮುಂಗಾರಿನಲ್ಲಿ ಘಟ್ಟ ಹತ್ತುತ್ತಾರೆ, ಬಿರಡೆಗೆ ಕೈ ಹಾಕುವುದಿಲ್ಲ. ಮುನ್ನೂರು ಚಿಲ್ಲರೆ ಪುಟದಲ್ಲಿ ನಾಲ್ವರ ಹದಿನಾರು ತಂತಿಯಲ್ಲಿ ಒಂದೂ ಕಡಿಯುವುದಿಲ್ಲ. ಒಬ್ಬನೂ ಒಂದು ದಿನವೂ ಸಾಧನೆ ಮಾಡುವುದಿಲ್ಲ. ಒಬ್ಬನಿಗೂ ಹೆಂಡತಿಯಿಲ್ಲ, ಮಗಳ ಬಾಣಂತನವಿಲ್ಲ, ನಾಲ್ಕು ಗಂಟೆಗೆ ಪಾಠಕ್ಕೆ ಬಂದು ಬಾಗಿಲಲ್ಲಿ ಮೂಗು ಸುರಿಸುವ ಮಕ್ಕಳಿಲ್ಲ. ಮೈಸೂರು ಸೀಮೆಯಲ್ಲಿ ಒಂಟೆ ಹತ್ತುತ್ತಾರೆ. ಹುಲಿಯೊಂದು ಎದುರಾದಾಗ ನಾಲ್ವರೂ ನುಡಿಸಲು ಶುರುಮಾಡುತ್ತಾರೆ, ಹುಲಿ ಮಲಗಿ ನಿದ್ದೆ ಹೋಗುತ್ತದೆ. ಇಡೀ ಪುಸ್ತಕದಲ್ಲಿ ನಾನು ನಂಬಿದ್ದು ಅದೊಂದನ್ನೇ.

ಕೊನೆಯಲ್ಲಿ ಬರುತ್ತಾರೆ ನಮ್ಮ ವೈಣಿಕರು. ಹುಲಿ ಚರ್ಮ ಹೊದ್ದು, ವೀಣೆಯ ಸೋರೆಬುರುಡೆಯನ್ನು ತಲೆಯ ಮೇಲಿಟ್ಟು, ನಿಂತುಕೊಂಡು, ಇದ್ದೊಂದು ತಂತಿಯನ್ನು ಮೀಟುತ್ತಾರೆ. ಚಿತ್ರವೂ ಇತ್ತು. ನಾಲ್ವರ ಮುಖ್ಯಸ್ಥ, ಮೊದಲ ಪಿಟೀಲಿನ ಒಕ್ತಾವ್ ಎಂಬವನು, ನಕ್ಕು ಪಿಟೀಲಿನಲ್ಲಿ ಉತ್ತರ ಕೊಡುತ್ತಾನೆ. ಅದನ್ನು ಕೇಳಿದ ನಮ್ಮವರು ಅತ್ತು, ವೀಣೆಯನ್ನು ಅವನ ಬೂಟಿನ ಬಳಿ ಇಟ್ಟು, ತಮ್ಮ ಕಾಲಿನಿಂದಲೇ ತುಳಿದು ಮುರಿದು, ಆಮೇಲೆ ಅವರ ಪೆಟ್ಟಿಗೆಗಳನ್ನು ಹೊತ್ತು ಬಂದರಿನವರೆಗೂ ನಡೆಯುತ್ತಾರೆ. ಚೌಕದಲ್ಲಿ ಬಿದ್ದಿದ್ದ ಮುರಿದ ಸೌಟು ಅದೇ. ನಾನು ಪ್ರದಕ್ಷಿಣೆ ಹಾಕಿದ್ದು ಅದಕ್ಕೇ.

ಸ್ಟೆಲ್ಲಾ ಪುಸ್ತಕ ಮುಚ್ಚಿ ಅದರ ರಟ್ಟನ್ನು ಸೆರಗಿಲ್ಲದ ಕೈಯಲ್ಲೇ ಒರೆಸತೊಡಗಿದಳು. ಅವಳಿಗೆ ಹೇಳಲು ಇನ್ನೂ ಏನೋ ಇದೆ ಎಂದು ಗೊತ್ತಾಯಿತು.

"ಭಾನುವಾರ ನೀವು ಮಾಡ್ಬೇಕಾಗಿರೋದು ಅದೇ ಅಕ್ಕಾ. ಆ ಸೀನು."

ಅಷ್ಟರಲ್ಲಿ ಬೋಡೆಲ್ ಬಂದರು, ಕೈಯಲ್ಲಿ ಪ್ಲೈವುಡ್ಡಿನ ಒಂದು ವೀಣೆ. ಪುಸ್ತಕದ ಚಿತ್ರ ನೋಡಿ ಅವರೇ ಗ್ಯಾರೇಜಿನಲ್ಲಿ ಕೂತು ಮಾಡಿದ್ದು, ಸುಲಭವಾಗಿ ಮುರಿಯಲೆಂದು ನಡುವೆ ಗರಗಸದಲ್ಲಿ ಗೆರೆ ಹಾಕಿದ್ದರು. ನಾನು ನನ್ನ ವೀಣೆಯಲ್ಲಿ ಮೂರು ನಿಮಿಷ ನುಡಿಸಿದರೆ ಸಾಕು, ಒಕ್ತಾವ್ ಉತ್ತರ ಕೊಟ್ಟ ಮೇಲೆ ನನ್ನ ವೀಣೆಯನ್ನು ಅವನ ಕಾಲ ಬಳಿ ಇಟ್ಟು ತಲೆ ಬಾಗಿಸಬೇಕು. ತುಳಿಯುವುದಕ್ಕೆ ಮಾತ್ರ ಪ್ಲೈವುಡ್ಡು. ನಿಮ್ಮ ವಾದ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ, ಮಾತು ಕೊಡುತ್ತೇನೆ ಎಂದರು. ಆ ಮನುಷ್ಯನಲ್ಲಿ ಕುಹಕವೆಂಬುದು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ವೀಣೆಯನ್ನು ಬೂಟಿನ ಬಳಿ ಇಡುವುದಿಲ್ಲ, ಸೋಲುವುದೂ ಇಲ್ಲ, ಬೇಕಾದರೆ ಎರಡು ಗಂಟೆ ಕಚೇರಿ ಮಾಡುತ್ತೇನೆ ಎಂದೆ. ಅವರು ನೊಂದುಕೊಂಡರು. ಸ್ಟೆಲ್ಲಾಳ ಮೂಲಕ ಒಂದೇ ಮಾತು, "ಆದರೆ ಅಮ್ಮಾ, ಪುಸ್ತಕದಲ್ಲಿ ಹಾಗೇ ಇದೆ."

ಅವರ ಟಿಕೆಟ್ಟಿನಲ್ಲಿ ಬಂದಿದ್ದೆ, ಅವರ ಉಪ್ಪು ತಿನ್ನುತ್ತಿದ್ದೆ. ಊರ ತುಂಬ ನನ್ನ ಹೆಸರಿನ ಕಾಗದ ಅಂಟಿಸಿದ್ದರು. ಆಗುವುದಿಲ್ಲವೆಂದು ಪೆಟ್ಟಿಗೆ ಕಟ್ಟಿದರೆ ನಾವು ಮಾತಿಗೆ ತಪ್ಪುವ ಜನ. ಒಪ್ಪಿದರೆ, ಗುರುಗಳ ವೀಣೆ ಕಥೆ ಪುಸ್ತಕದವನ ಬೂಟಿನ ಮುಂದೆ ಇರುವ ಫೋಟೋ ಹಲಸೂರಿನ ಸಭೆಯ ಬೋರ್ಡಿನ ಮೇಲೆ.

ಬಿಸಿ ಕಬ್ಬಿಣ

ನನ್ನನ್ನು ಇಳಿಸಿದ್ದ ಕೋಣೆಯ ಕಿಟಕಿಯ ಕೆಳಗೆ ಕಬ್ಬಿಣದ ಹಲ್ಲುಗಳ ಒಂದು ಸಾಲಿತ್ತು. ಅದರೊಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಾಗುತ್ತದೆ. ನಮ್ಮ ಊರಿನಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಡಿಸೆಂಬರಿನಲ್ಲಿ ನಮಗೆ ಒಂದು ಸ್ವೆಟರು ಸಾಕು.

ಶುಕ್ರವಾರ ಚಳಿ ಹೆಚ್ಚಾಯಿತು. ವೀಣೆಯ ದಂಡಿಯನ್ನು ಮುಟ್ಟಿದರೆ ಕೊರೆಯುತ್ತಿತ್ತು. ವೀಣೆಯ ಇಪ್ಪತ್ತನಾಲ್ಕು ಹಿತ್ತಾಳೆ ಮೆಟ್ಟಿಲುಗಳು ಕೂತಿರುವುದು ಕರಿಮೇಣದ ಮೇಲೆ. ಅತಿ ಚಳಿಗೆ ಮೇಣ ಬಿರುಕು ಬಿಡುತ್ತದೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಪಾಪ, ಎಷ್ಟು ದೂರ ಬಂದಿದೆ, ಬೆಚ್ಚಗಿರಲಿ ಎಂದು ಮಗುವಿಗೆ ಮಾಡುವ ಹಾಗೆ ಶಾಲು ಹೊದಿಸಿ ಆ ಕಬ್ಬಿಣಕ್ಕೆ ಒರಗಿಸಿ ಮಲಗಿದೆ.

ಬೆಳಿಗ್ಗೆ ಶಾಲು ತೆಗೆದೆ. ಮೇಣ ಕರಗಿ ಕಬ್ಬಿಣದ ಸಂದಿಗೂ ರತ್ನಗಂಬಳಿಗೂ ಇಳಿದಿತ್ತು. ಹದಿನೈದು ಮೆಟ್ಟಿಲು ಜಾರಿ, ಕೆಲವು ನೆಲದ ಮೇಲೆ, ಕೆಲವು ತಂತಿಗೆ ಸಿಕ್ಕಿಕೊಂಡು ಅಡ್ಡ ಬಿದ್ದಿದ್ದವು. ಸಮುದ್ರದಲ್ಲಿ ತೇಲಿದ ಪಿಟೀಲನ್ನು ಮೂರು ದಿನದಿಂದ ಆಡಿಕೊಂಡು ನಕ್ಕಿದ್ದ ನಾನು ರತ್ನಗಂಬಳಿಯ ಮೇಲೆ ಕೂತು ಅತ್ತೆ. ಕಥೆಯವರ ವಾದ್ಯಕ್ಕೆ ಏನೂ ಆಗುವುದಿಲ್ಲ. ಆಗುವುದೆಲ್ಲ ನಮ್ಮ ವಾದ್ಯಕ್ಕೆ.

ಮೆಟ್ಟಿಲು ಕೂರಿಸುವುದು ನುಡಿಸುವವರ ಕೆಲಸವಲ್ಲ. ಅದಕ್ಕೆ ನಮ್ಮಲ್ಲಿ ಮೇಸ್ತ್ರಿ ಇದ್ದಾರೆ, ಮೂರು ವರ್ಷಕ್ಕೊಮ್ಮೆ ಬಂದು ಎರಡು ದಿನ ಪಡಸಾಲೆಯಲ್ಲಿ ಕೂತು ಮಾಡುತ್ತಾರೆ. ನಾನು ಅವರಿಗೆ ಕಾಫಿ ಕೊಡುತ್ತ ನೋಡಿದ್ದೇನೆ, ಅಷ್ಟೇ ನನ್ನ ವಿದ್ಯೆ. ಸ್ಟೆಲ್ಲಾ ಸುದ್ದಿ ಕೇಳಿ ಓಡಿಬಂದಳು, ಜೊತೆಗೆ ಒಕ್ತಾವ್‌ನನ್ನೂ ಕರೆತಂದಳು.

ಒಕ್ತಾವ್ ಆಗುತ್ತಿದ್ದವಳು ಕ್ಲೇರ್. ಊರಿನ ಶಾಲೆಯಲ್ಲಿ ಪಿಟೀಲು ಕಲಿಸುವ ಹೆಂಗಸು, ನನ್ನದೇ ವಯಸ್ಸು. ಊರಿನಲ್ಲಿ ಆ ಪಾತ್ರಕ್ಕೆ ನುಡಿಸಬಲ್ಲ ಗಂಡಸು ಸಿಗದೆ ಆರು ವರ್ಷದಿಂದ ಇವಳೇ ಮೀಸೆ ಅಂಟಿಸಿಕೊಂಡು ನಿಲ್ಲುತ್ತಾಳಂತೆ. ಅವಳು ವೀಣೆಯನ್ನೊಮ್ಮೆ ನೋಡಿದಳು. ಕೋಟು ಬಿಚ್ಚಿ, ತೋಳು ಮಡಿಸಿ, ರತ್ನಗಂಬಳಿಯಿಂದ ಮೇಣವನ್ನು ಉಗುರಿನಲ್ಲಿ ಕೆರೆದು ತಟ್ಟೆಗೆ ಹಾಕತೊಡಗಿದಳು. ವಾದ್ಯ ಇಟ್ಟುಕೊಂಡವರಿಗೆ ಮಾತ್ರ ಬರುವ ಬುದ್ಧಿ ಅದು. ಮೇಣ ಗಟ್ಟಿಯಾಗಲೆಂದು ತನ್ನ ಕಮಾನಿಗೆ ಉಜ್ಜುವ ರಾಳದ ಬಿಲ್ಲೆಯನ್ನೇ ಕುಟ್ಟಿ ಬೆರೆಸಿದಳು.

ವೀಣೆಯನ್ನು ಸ್ಟೆಲ್ಲಾಳ ಅಡುಗೆಮನೆಗೆ ಸಾಗಿಸಿ, ಅವಳ ಒಲೆಯ ಮೇಲೆ ಬೆಣ್ಣೆ ಹಚ್ಚುವ ಚಾಕು ಕಾಯಿಸಿ, ಒಂದೊಂದೇ ಮೆಟ್ಟಿಲನ್ನು ಕೂರಿಸಿದೆ. ಕ್ಲೇರ್ ಪಿಟೀಲಿನಲ್ಲಿ ನನ್ನ ಷಡ್ಜವನ್ನು ಹಿಡಿದು ನಿಂತಳು. ಬೆಳಗಿನಿಂದ ಮೂರು ಗಂಟೆಯವರೆಗೆ ಒಂದೇ ಸ್ವರ. ನಡುನಡುವೆ ನಾನು ತಂತಿ ಮೀಟಿ ನೋಡುವುದು, ಅವಳು ಹುಬ್ಬು ಗಂಟಿಕ್ಕುವುದು, ನಾನು ಕೂದಲೆಳೆಯಷ್ಟು ಸರಿಸುವುದು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು, ಹುಬ್ಬು ಸಾಕಾಯಿತು.

ಮೇಣ ಸಾಲಲಿಲ್ಲ. ಎಲ್ಲ ಮೆಟ್ಟಿಲುಗಳನ್ನೂ ಕೂರಿಸುವಷ್ಟಿರಲಿಲ್ಲ, ಒಂದು ರಾಗಕ್ಕೆ ಬೇಕಾದ ಸ್ವರಗಳಿಗೆ ಸಾಕಿತ್ತು. ಯಾವ ರಾಗ ಎಂದು ನಾನೇ ನಿರ್ಧರಿಸಬೇಕಿತ್ತು. ಮೋಹನ ಕೂರಿಸಬಹುದಿತ್ತು, ಹಿಂದೋಳ ಕೂರಿಸಬಹುದಿತ್ತು. ಬಿಸಿ ಚಾಕುವನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದೆ. ಗಾಂಧಾರದ ಮೆಟ್ಟಿಲುಗಳನ್ನೂ ಧೈವತದ ಮೆಟ್ಟಿಲುಗಳನ್ನೂ ಎತ್ತಿ ಕರವಸ್ತ್ರದಲ್ಲಿ ಗಂಟು ಕಟ್ಟಿದೆ. ಉಳಿದದ್ದು ಮಧ್ಯಮಾವತಿ.

ಮಧ್ಯಮಾವತಿ ನಮ್ಮಲ್ಲಿ ಕಚೇರಿಯ ಕೊನೆಗೆ ಬರುವ ರಾಗ. ಅಲ್ಲಿಯವರೆಗೆ ಆದ ತಪ್ಪುಒಪ್ಪುಗಳೆಲ್ಲ ಅದರಲ್ಲಿ ತೊಳೆದುಹೋಗುತ್ತವೆ ಎಂದು ನಂಬಿಕೆ. ಮಂಗಳ ನುಡಿಸಿ ಕೈ ಮುಗಿದರೆ ಆಯಿತು, ಆಮೇಲೆ ಆ ವೇದಿಕೆಯ ಮೇಲೆ ಯಾರೂ ಸ್ವರ ಎತ್ತುವುದಿಲ್ಲ. ಎಂಥ ಘನ ವಿದ್ವಾಂಸರಾದರೂ ಎತ್ತುವುದಿಲ್ಲ. ಇದನ್ನು ನಾನು ಕ್ಲೇರ್‌ಗೆ ಬಚ್ಚಿಡಲಿಲ್ಲ. ಸ್ಟೆಲ್ಲಾಳಿಂದ ಹೇಳಿಸಿದೆ. ನೀನು ನುಡಿಸಬೇಡ ಎಂದು ಮಾತ್ರ ಹೇಳಿಸಲಿಲ್ಲ, ಅವಳ ಊರು, ಅವಳ ಹಬ್ಬ, ನಾಳೆ ಬೀದಿಯಲ್ಲಿ ಬೋಡೆಲ್ ಮುಖ ನೋಡಬೇಕಾದವಳು ಅವಳು.

ಕ್ಲೇರ್ ಒಂದೇ ಪ್ರಶ್ನೆ ಕೇಳಿದಳು, ಬೋಡೆಲ್ ಅವರಿಗೆ ಹೇಳಿದ್ದೀರಾ?

"ಅವ್ರಿಗೆ ಹೇಳಿದ್ರೆ ಪುಸ್ತಕದಲ್ಲಿಲ್ಲ ಅಂತಾರೆ," ಅಂದೆ. ಸ್ಟೆಲ್ಲಾ ಅದನ್ನು ಫ್ರೆಂಚಿಗೆ ತಿರುಗಿಸಿದಾಗ ಕ್ಲೇರ್ ಗಟ್ಟಿಯಾಗಿ ನಕ್ಕು, ಪಿಟೀಲನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟುಹೋದಳು. ಆ ನಗುವಿನ ಅರ್ಥವೇನು ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಭಾನುವಾರದ ಸಭೆ

ಪುರಸಭೆಯ ಹಾಲಿನಲ್ಲಿ ಮಧ್ಯಾಹ್ನ ಮೂರಕ್ಕೆ ಊರೆಲ್ಲ ಸೇರಿತ್ತು. ವೇದಿಕೆಯ ಮೇಲೆ ರಟ್ಟಿನ ತೆಂಗಿನ ಮರಗಳು, ಒಂದು ಗುಡ್ಡೆ ಮರಳು, ಗಾಜಿನ ಕಣ್ಣಿನ ಹುಲಿ. ನನಗೆ ಹುಲಿ ಚರ್ಮ ಹೊದಿಸಲು ಬಂದರು. ಬೇಡ, ಧರ್ಮಾವರಂ ಸೀರೆ ಉಟ್ಟಿದ್ದೇನೆ ಎಂದೆ. ಚಾಪೆ ಕೇಳಿದೆ. ಚಾಪೆ ಸಿಗಲಿಲ್ಲ, ಸ್ಟೆಲ್ಲಾ ತನ್ನ ಊಟದ ಮೇಜಿನ ಬಟ್ಟೆಯನ್ನು ತಂದು ಹಾಸಿದಳು.

ಆ ಜನರ ಕೇಳುವ ಬಗೆಯೇ ವಿಚಿತ್ರ. ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಶ್ರಾದ್ಧಕ್ಕೆ ಬಂದವರ ಹಾಗೆ ಕೂರುತ್ತಾರೆ. ತಲೆ ಅಲ್ಲಾಡುವುದಿಲ್ಲ, ತೊಡೆಯ ಮೇಲೆ ಒಂದು ಬೆರಳೂ ತಾಳ ಹಾಕುವುದಿಲ್ಲ, ಭೇಷ್ ಎನ್ನುವವರಿಲ್ಲ. ನಮ್ಮ ಸಭೆಯಲ್ಲಿ ಕೊನೆಯ ಸಾಲಿನವರು ಬೋಂಡ ತಿನ್ನುತ್ತಾರೆ, ನಿಜ. ಆದರೆ ಬಾಯಲ್ಲಿ ಬೋಂಡ ಇದ್ದರೂ ತಲೆ ಆಡುತ್ತದೆ.

ಬೋಡೆಲ್ ಒಂದು ಮೂಲೆಯಲ್ಲಿ ನಿಂತು ಪುಸ್ತಕವನ್ನು ಓದುತ್ತಿದ್ದರು. ಮುದುಕನು ನುಡಿಸಿದನು ಎಂಬಲ್ಲಿಗೆ ಬಂದಾಗ ನನ್ನ ಕಡೆ ಕೈ ತೋರಿ ಗಡಿಯಾರ ನೋಡಿಕೊಂಡರು. ಮೂರು ನಿಮಿಷ ಎಂದಿತ್ತು. ನಾನು ಶ್ರುತಿ ಮಾಡಿಕೊಳ್ಳಲೇ ಐದು ನಿಮಿಷ ತೆಗೆದುಕೊಂಡೆ, ಪುಸ್ತಕದ ನಾಲ್ವರೂ ಮಾಡದಿದ್ದದ್ದೆಲ್ಲ ಸೇರಿಸಿ. ಆಮೇಲೆ ಮಧ್ಯಮಾವತಿಯಲ್ಲಿ ಆಲಾಪನೆ. ಗಾಂಧಾರ ಧೈವತಗಳು ಇರಬೇಕಾದ ಜಾಗದಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಬೆರಳು ಅಭ್ಯಾಸಬಲದಿಂದ ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದೇ ಒಂದು ಕಸರತ್ತು. ಆದರೂ ಹತ್ತು ನಿಮಿಷ ಕಳೆದ ಮೇಲೆ ಗುರುಗಳ ವೀಣೆ ನನಗೆ ಒಲಿಯಿತು. ಎಷ್ಟು ಹೊತ್ತು ನುಡಿಸಿದೆನೋ ಗೊತ್ತಿಲ್ಲ. ಬೋಡೆಲ್‌ಗೆ ಗೊತ್ತು. ಕೊನೆಗೆ ಮಂಗಳ ನುಡಿಸಿ, ವೀಣೆಗೆ ಕೈ ಮುಗಿದು, ಸಭೆಗೆ ಕೈ ಮುಗಿದೆ.

ಬೇಕೆಂದೇ ಮಾಡಿದೆಯಾ ಎಂದರೆ, ಹೌದು, ಬೇಕೆಂದೇ ಮಾಡಿದೆ.

ಬೋಡೆಲ್ ಓದಿದರು. ಆಗ ಒಕ್ತಾವ್ ನಕ್ಕು ಕಮಾನನ್ನು ಎತ್ತಿದನು.

ಕ್ಲೇರ್ ಉಳಿದ ಮೂವರ ಮುಂದೆ ನಿಂತಿದ್ದಳು, ಉದ್ದ ಕೋಟು, ಮೊಳಕಾಲಿನವರೆಗಿನ ಬೂಟು, ಅಂಟಿಸಿದ ಮೀಸೆ. ಪಿಟೀಲನ್ನು ಗಲ್ಲಕ್ಕೆ ಇಟ್ಟಳು. ಕಮಾನು ಮೇಲೆದ್ದಿತು. ನನ್ನ ಕೈಗಳು ತಾವಾಗಿಯೇ ವೀಣೆಯ ಕೊಡವನ್ನು ಹಿಡಿದುಕೊಂಡವು. ಅವಳು ನುಡಿಸಿದರೆ ನಾನು ಏನು ಮಾಡುತ್ತೇನೆ ಎಂದು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಅವಳ ಬೂಟಿನ ತುದಿಗೂ ಸ್ಟೆಲ್ಲಾಳ ಮೇಜಿನ ಬಟ್ಟೆಗೂ ಒಂದು ಗೇಣು.

ಬೋಡೆಲ್ ಅದೇ ಸಾಲನ್ನು ಇನ್ನೊಮ್ಮೆ ಓದಿದರು, ಸ್ವಲ್ಪ ಗಟ್ಟಿಯಾಗಿ.

ಕ್ಲೇರ್ ಕಮಾನನ್ನು ಇಳಿಸಿದಳು. ಪಿಟೀಲನ್ನು ಕಂಕುಳಿಗೆ ಸೇರಿಸಿ ಅವರ ಕಡೆ ತಿರುಗಿ ನಾಲ್ಕು ಮಾತು ಹೇಳಿದಳು. ಪರದೆಯ ಪಕ್ಕದಲ್ಲಿದ್ದ ಸ್ಟೆಲ್ಲಾ ನನಗೆ ಕೇಳುವಷ್ಟು ಮೆಲ್ಲಗೆ, "ಕಚೇರಿ ಮುಗೀತು, ಇನ್ನು ಮೇಲೆ ನಾನು ನುಡ್ಸಲ್ಲ, ಅಂತಿದಾಳೆ ಅಕ್ಕಾ," ಅಂದಳು.

ಮೀಸೆ ಒಂದು ಕಡೆ ಕಿತ್ತು ನೇತಾಡುತ್ತಿತ್ತು. ಹಿಂದಿದ್ದ ಮೂವರು ಒಬ್ಬರ ಮುಖ ಒಬ್ಬರು ನೋಡಿ ತಮ್ಮ ವಾದ್ಯಗಳನ್ನೂ ಇಳಿಸಿದರು. ಪುಸ್ತಕ ಬಾಯಿಪಾಠ ಇದ್ದ ಜನ ಅವರು, ಮುಂದೇನೆಂದು ಮೊದಲ ಸಲ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಮುಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ಎರಡು ಕೈ ತಟ್ಟಿ, ತನ್ನ ಕೋಟು ಹುಡುಕತೊಡಗಿದಳು. ಅವಳ ಹಿಂದೆ ಎಲ್ಲರೂ ತಟ್ಟಿದರು. ಪ್ಲೈವುಡ್ಡಿನ ವೀಣೆ ರಟ್ಟಿನ ತೆಂಗಿನಮರಕ್ಕೆ ಒರಗಿ, ತುಳಿಯುವವರಿಲ್ಲದೆ ನಿಂತಿತ್ತು. ನಾನು ವೀಣೆಯನ್ನು ಎತ್ತಿಕೊಂಡ ಮೇಲೆ ಕ್ಲೇರ್ ಬಗ್ಗಿ ಮೇಜಿನ ಬಟ್ಟೆಯ ಮೇಲೆ ಬಿದ್ದಿದ್ದ ಮೇಣದ ಒಂದು ಚೂರನ್ನು ಆಯ್ದು ಜೇಬಿಗೆ ಹಾಕಿಕೊಂಡಳು.

ಮತ್ತೆ ನಿಲ್ದಾಣ

ಬೋಡೆಲ್ ಮಾರನೆಯ ದಿನ ಬೀಳ್ಕೊಡಲು ಬರುವುದಿಲ್ಲವೆಂದೇ ತಿಳಿದಿದ್ದೆ. ಬಂದರು. ಪೆಟ್ಟಿಗೆಯ ಒಂದು ತುದಿಯನ್ನು ತಾವೇ ಹಿಡಿದು ಡಬ್ಬಿಗೆ ಹತ್ತಿಸಿದರು. ಪುಸ್ತಕದಲ್ಲಿ ನಮ್ಮವರು ಅವರ ಪೆಟ್ಟಿಗೆ ಹೊತ್ತಿದ್ದರು ಎಂಬುದು ಅವರಿಗೆ ನೆನಪಾಯಿತೋ ಇಲ್ಲವೋ, ನನಗಂತೂ ಆಯಿತು. ಆಮೇಲೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಆ ರಾಗ ಆದ ಮೇಲೆ ನಿಮ್ಮಲ್ಲಿ ನಿಜವಾಗಿಯೂ ಯಾರೂ ನುಡಿಸುವುದಿಲ್ಲವೇ ಎಂದು ಕೇಳಿಸಿದರು. ಯಾರೂ ಇಲ್ಲ ಎಂದೆ. ಹಾಗಾದರೆ ನಿನ್ನೆ ಗೆದ್ದದ್ದು ಯಾರು?

"ಮಂಗಳ ಆದ್ಮೇಲೆ ಗೆದ್ದೋರು ಸೋತೋರು ಅಂತ ಇರಲ್ಲ, ಎಲ್ರೂ ಚಪ್ಲಿ ಹುಡುಕ್ತಾರೆ ಅಂತ ಹೇಳು," ಅಂದೆ ಸ್ಟೆಲ್ಲಾಳಿಗೆ.

ಅವರು ಅದನ್ನು ಬಹಳ ಗಮನವಿಟ್ಟು ಕೇಳಿ, ಸಣ್ಣ ಪುಸ್ತಕವೊಂದನ್ನು ತೆಗೆದು ಬರೆದುಕೊಂಡರು.

ಹಲಸೂರಿಗೆ ಬಂದ ಮೇಲೆ ಮೇಸ್ತ್ರಿ ವೀಣೆಯನ್ನು ನೋಡಿ, ಇದಕ್ಕೆ ರಾಳ ಹಾಕಿದ ಪುಣ್ಯಾತ್ಮ ಯಾರು, ಕಿತ್ತರೆ ಬರುತ್ತಿಲ್ಲ ಎಂದು ಬೈದರು. ಫೋಟೋದಲ್ಲಿ ನಾನು ವೀಣೆ ಹಿಡಿದು ಕೂತಿದ್ದೇನೆ, ಪಕ್ಕದಲ್ಲಿ ಅರ್ಧ ಮೀಸೆಯ ಹೆಂಗಸು. ಅದನ್ನು ಸಭೆಯ ಬೋರ್ಡಿಗೆ ಅಂಟಿಸಿದ್ದಾರೆ, ಯಾರ ಆರಾಧನೆ ಎಂದು ಇದುವರೆಗೂ ಯಾರೂ ಕೇಳಿಲ್ಲ. ಕಾಯಿ ಹಾಗೆಯೇ ವಾಪಸು ಬಂದಿತ್ತು. ನಮ್ಮ ಮನೆಯವರು ಅದನ್ನು ಕಿವಿಯ ಬಳಿ ಅಲ್ಲಾಡಿಸಿ, "ಇದನ್ನ್ಯಾಕೆ ವಾಪಸ್ ತಂದೆ, ಒಡೀಲಿಲ್ವಾ?" ಅಂದರು. ಅವರೇ ಇರಲಿಲ್ಲ ಕಣ್ರೀ ಎಂದೆ. ಮನೆಯಲ್ಲಿರಲಿಲ್ಲ ಎಂದುಕೊಂಡರು. ನಾನೂ ಬಿಡಿಸಿ ಹೇಳಲಿಲ್ಲ. ಚಟ್ನಿ ಚೆನ್ನಾಗಿಯೇ ಆಯಿತು.

ಮೊನ್ನೆ ಬೋಡೆಲ್ ಅವರಿಂದ ಕಾಗದ ಬಂತು. ಪ್ಲೈವುಡ್ಡಿನ ವೀಣೆ ಕ್ಷೇಮವಾಗಿದೆಯಂತೆ. ಅದು ವ್ಯರ್ಥವಾಗಬಾರದೆಂದು ಮುಂದಿನ ವರ್ಷ ಉತ್ತರದ ಕಡೆಯಿಂದ ಸಿತಾರಿನವರೊಬ್ಬರನ್ನು ಕರೆಸುತ್ತಾರಂತೆ. ವಿಚಾರಿಸಿ ನೋಡಿದ್ದಾರೆ, ಅವರಲ್ಲಿ ನಿಮ್ಮ ಹಾಗೆ ಮಧ್ಯಮಾವತಿಯ ಮಂಗಳವಿಲ್ಲ, ಆದ್ದರಿಂದ ಪುಸ್ತಕದಲ್ಲಿ ಇರುವಂತೆಯೇ ನಡೆಯುತ್ತದೆ ಎಂದು ಬಹಳ ಸಂತೋಷದಿಂದ ಬರೆದಿದ್ದಾರೆ. ಒಕ್ತಾವ್ ಆ ಸಲವೂ ಕ್ಲೇರೇ.

ಸಂತೋಷ, ಶುಭವಾಗಲಿ ಎಂದು ಕೂಡಲೇ ಉತ್ತರ ಬರೆದೆ. ಸಿತಾರಿನ ಕಡೆಯವರು ಭೈರವಿ ನುಡಿಸಿ ಮುಗಿಸುತ್ತಾರೆ, ಅದಾದ ಮೇಲೆ ಅಲ್ಲಿಯೂ ಯಾರೂ ಸ್ವರ ಎತ್ತುವುದಿಲ್ಲ ಎಂಬುದನ್ನು ಕ್ಲೇರ್‌ಗೆ ಬೇರೆ ಕಾಗದದಲ್ಲಿ ಬರೆದೆ.